ಮಿಡಿಯುವ ಹೃದಯಕ್ಕೇ ಬೈಪಾಸ್: ಸಹಿ ಹಾಕುವ ಮುನ್ನ

ಆಂಜಿಯೋಗ್ರಾಮ್ ನೋಡಿ ವೈದ್ಯರು ‘ಬೈಪಾಸ್ ಬೇಕು’ ಎಂದ ಕೂಡಲೇ ಮನೆಯವರ ಮೊದಲ ಪ್ರಶ್ನೆ: ‘ಹೃದಯ ನಿಲ್ಲಿಸ್ತೀರಾ ಡಾಕ್ಟ್ರೇ?’ ನಿಲ್ಲಿಸದೆಯೂ ಮಾಡಬಹುದು. ಹೃದಯ ನಿಲ್ಲಿಸಿದಾಗ ಅದರ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರವಿಲ್ಲದ ಈ ವಿಧಾನಕ್ಕೆ ಆಸ್ಪತ್ರೆಗಳಲ್ಲಿ ‘ಬೀಟಿಂಗ್ ಹಾರ್ಟ್’ ಅಥವಾ ‘ಆಫ್ ಪಂಪ್’ ಎನ್ನುತ್ತಾರೆ. ಸೋವಿಯತ್ ಶಸ್ತ್ರವೈದ್ಯ ವಸಿಲಿ ಕೊಲೆಸೊವ್ ಲೆನಿನ್‌ಗ್ರಾಡ್‌ನಲ್ಲಿ 1964ರಲ್ಲೇ ಮಿಡಿಯುವ ಹೃದಯಕ್ಕೆ ಎದೆಯೊಳಗಿನ ರಕ್ತನಾಳ ಜೋಡಿಸಿದ್ದರು.

ಮೊದಲು ಒಂದು ತಪ್ಪುಕಲ್ಪನೆ ಬಿಡಿ. ಇದು ಕೀಹೋಲ್ ಆಪರೇಷನ್ ಅಲ್ಲ. ಸಾಮಾನ್ಯವಾಗಿ ಇಲ್ಲಿಯೂ ಎದೆಮೂಳೆ ಸೀಳಲೇಬೇಕು. ಹೊಲಿಗೆ ಹಾಕುವ ಜಾಗವನ್ನಷ್ಟೇ ‘ಸ್ಟೆಬಿಲೈಸರ್’ ಎಂಬ ಉಪಕರಣ ಅಲುಗದಂತೆ ಹಿಡಿದಿಡುತ್ತದೆ, ಉಳಿದ ಹೃದಯ ಮಿಡಿಯುತ್ತಲೇ ಇರುತ್ತದೆ.

ನಂತರ ಶಸ್ತ್ರವೈದ್ಯರನ್ನು ಮುಖತಃ ಕೇಳಿ: ನಮ್ಮ ರೋಗಿಗೆ ಇದೇ ಏಕೆ? ಮಹಾಪಧಮನಿಯಲ್ಲಿ ಕ್ಯಾಲ್ಸಿಯಂ ಗಟ್ಟಿಯಾಗಿದ್ದರೆ ಇದರಿಂದ ಅನುಕೂಲವಾಗಬಹುದು. ಕವಾಟವನ್ನೂ ಸರಿಪಡಿಸಬೇಕಿದ್ದರೆ ಯಂತ್ರ ಬೇಕೇ ಬೇಕು. ನಾಳಗಳು ತೀರಾ ಸಣ್ಣವಿದ್ದರೆ, ಸ್ನಾಯುವಿನೊಳಗೆ ಹುದುಗಿದ್ದರೆ ಹೊಲಿಗೆ ಕಷ್ಟ. ನೀವು ಹೆಚ್ಚಾಗಿ ಯಾವ ವಿಧಾನದಲ್ಲಿ ಮಾಡುತ್ತೀರಿ ಎಂದೂ ಸಂಕೋಚವಿಲ್ಲದೆ ಕೇಳಿ. ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. 4,752 ರೋಗಿಗಳ ‘ಕೊರೊನರಿ’ ಅಧ್ಯಯನದಲ್ಲಿ ಸಾವು, ಪಾರ್ಶ್ವವಾಯು, ಹೃದಯಾಘಾತ ಮೊದಲಾದವುಗಳ ಒಟ್ಟು ಲೆಕ್ಕದಲ್ಲಿ ಐದು ವರ್ಷಗಳ ನಂತರವೂ ಎರಡೂ ವಿಧಾನಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಆಪರೇಷನ್ ಮಾಡಿದವರು ಆಯಾ ವಿಧಾನದಲ್ಲಿ ಪಳಗಿದವರು. ಹಾಗಾಗಿ ವಿಧಾನದ ಹೆಸರಿಗಿಂತ ಕೈಯ ಪಳಗುವಿಕೆಗೆ ಬೆಲೆ ಕೊಡಿ. ನಡುವೆ ರಕ್ತದೊತ್ತಡ ಕುಸಿದರೆ ಯಂತ್ರಕ್ಕೆ ಬದಲಾಯಿಸಬೇಕಾದೀತು. ಅದಕ್ಕೂ ಮೊದಲೇ ಒಪ್ಪಿಗೆ ಕೊಟ್ಟಿರಿ.

ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಕ್ಲೊಪಿಡೊಗ್ರೆಲ್ ಅನ್ನು ಸಾಮಾನ್ಯವಾಗಿ ಐದು ದಿನ ಮುಂಚೆ ನಿಲ್ಲಿಸುತ್ತಾರೆ, ಆಸ್ಪಿರಿನ್ ಅನ್ನು ಹಲವೊಮ್ಮೆ ಮುಂದುವರಿಸುತ್ತಾರೆ. ನೀವಾಗಿಯೇ ಯಾವುದನ್ನೂ ಬಿಡಬೇಡಿ. ಬೀಡಿ, ಸಿಗರೇಟು ಮಾತ್ರ ಇವತ್ತೇ ಬಿಡಿ. ಬಿಪಿಎಲ್ ಕಾರ್ಡ್ ಇದ್ದರೆ, ದಾಖಲಾಗುವ ಮೊದಲೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ನೆರವಿನ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿ.

ಮನೆಗೆ ಬಂದ ಮೇಲೆ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಕೊಡ, ಸಿಲಿಂಡರ್ ಎತ್ತುವುದು, ಬೈಕ್ ಓಡಿಸುವುದು ಬೇಡ. ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿಯಿರಿ, ದಿನವೂ ಸ್ವಲ್ಪ ಸ್ವಲ್ಪ ನಡೆಯಿರಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಜೋಡಿಸಿದ ನಾಳವೇ ಮುಚ್ಚಿಹೋಗುವ ಭಯವಿದೆ. ಗಾಯದಲ್ಲಿ ಕೀವು, ಜ್ವರ, ಎದೆಮೂಳೆಯಲ್ಲಿ ‘ಕಟಕಟ’ ಸದ್ದು, ಉಸಿರಾಟದ ತೊಂದರೆ ಕಂಡರೆ ಮುಂದಿನ ತಪಾಸಣೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.