ನೆಲ ನಡುಗಿತೆಂದು ಸಾಕ್ಷಿ ಹೇಳುವ ಮನೆಯ ಕಂಪ್ಯೂಟರ್



ಮಟಮಟ ಮಧ್ಯಾಹ್ನ ಎಲ್ಲಿಂದಲೋ 'ಧಡ್' ಎಂಬ ಶಬ್ದ ಕೇಳುತ್ತದೆ. ಕಿಟಕಿಯ ಗಾಜು ಅದುರುತ್ತದೆ. ಅಡಿಗೆಮನೆಯಲ್ಲಿ ಸಾಲಾಗಿ ಜೋಡಿಸಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಒಬ್ಬರು "ಭೂಕಂಪ" ಎನ್ನುತ್ತಾರೆ, ಇನ್ನೊಬ್ಬರು "ಕ್ವಾರಿಯವರು ಬಂಡೆ ಸಿಡಿಸಿದರು" ಎನ್ನುತ್ತಾರೆ. ಅರ್ಧ ಗಂಟೆಯೊಳಗೆ ಎಲ್ಲರ ಮೊಬೈಲಿಗೂ "ಇಂದು ರಾತ್ರಿ ಮತ್ತೆ ದೊಡ್ಡದಾಗಿ ಆಗುತ್ತದಂತೆ" ಎಂಬ ಸಂದೇಶ ಬಂದಿರುತ್ತದೆ. ಇವುಗಳಲ್ಲಿ ಯಾವುದು ನಿಜ? ಅದನ್ನು ನಿರ್ಧರಿಸುವವರು ಯಾರು?

ನಮ್ಮ ಮಂಡ್ಯ ಜಿಲ್ಲೆಯವರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. 2018ರ ಸೆಪ್ಟೆಂಬರ್ 25ರಂದು ಕೃಷ್ಣರಾಜಸಾಗರದ ಸುತ್ತಮುತ್ತ ಭಾರಿ ಶಬ್ದ ಕೇಳಿ ಜನ ಗಾಬರಿಯಾದದ್ದು ಅನೇಕರಿಗೆ ನೆನಪಿರಬಹುದು. ಅಂದು ಅಣೆಕಟ್ಟೆಯ ಬಳಿ ಇದ್ದ ಭೂಕಂಪಮಾಪಕ ಕೇಂದ್ರದಲ್ಲಿ ಆ ಕಂಪನ ದಾಖಲಾಗಿತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಆ ದಾಖಲೆಯನ್ನು ಪರಿಶೀಲಿಸಿ, ಅದು ಭೂಕಂಪವಲ್ಲ, ಕಲ್ಲು ಗಣಿಯ ಸ್ಫೋಟದಿಂದ ಬಂದ ಕಂಪನ ಎಂಬ ಅಭಿಪ್ರಾಯ ಕೊಟ್ಟರು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಗಣಿಗಾರಿಕೆಯ ವಿವಾದ ಅಲ್ಲಿಂದ ಬಿಸಿಯೇರಿತು. 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಆ ಅಣೆಕಟ್ಟೆಯ ನೀರು ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳನ್ನು ತಲುಪುತ್ತದೆ. ಬೆಳಕವಾಡಿಯಂಥ ಊರಿನ ರೈತನಿಗೆ ಅಲ್ಲಿನ ಒಂದು ಬಿರುಕು ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರಸಂಗದಲ್ಲಿ ಜನರ ಗಾಬರಿ ಒಂದು ಕಡೆ, ಗಣಿಯವರ ಮಾತು ಇನ್ನೊಂದು ಕಡೆ ಇತ್ತು. ನಡುವೆ ಒಂದು ಉಪಕರಣ ಯಾರ ಪಕ್ಷವನ್ನೂ ಹಿಡಿಯದೆ ತಾನು ಕಂಡದ್ದನ್ನು ಬರೆದಿಟ್ಟಿತ್ತು. ಅಂಥ ಉಪಕರಣ ಅಣೆಕಟ್ಟೆಯಲ್ಲಿ ಇದ್ದದ್ದರಿಂದ ಸರಿಹೋಯಿತು. ಇಲ್ಲದ ಊರಿನವರ ಗತಿಯೇನು? ಬೆಲೆಬಾಳುವ ಭೂಕಂಪಮಾಪಕವನ್ನು ಊರೂರಿಗೂ ಇಡುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಈ ತೊಂದರೆಗೆ ಅಮೆರಿಕದ ಇಬ್ಬರು ವಿಜ್ಞಾನಿಗಳು ಸೊಗಸಾದ ಉಪಾಯವನ್ನು ಕಂಡುಕೊಂಡರು. ಎಲಿಜಬೆತ್ ಕಾಕ್ರನ್ ಎಂಬಾಕೆ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆಸ್ಸಿ ಲಾರೆನ್ಸ್ ಎಂಬವರು 2008ರಲ್ಲಿ 'ಕ್ವೇಕ್ ಕ್ಯಾಚರ್ ನೆಟ್‌ವರ್ಕ್' ಎಂಬ ಜಾಲವನ್ನು ಆರಂಭಿಸಿದರು. ಹೆಸರಿನ ಅರ್ಥ ಭೂಕಂಪ ಹಿಡಿಯುವವರ ಜಾಲ. ಆ ಕಾಲದ ಕೆಲವು ಲ್ಯಾಪ್‌ಟಾಪುಗಳಲ್ಲಿ ಚಲನೆಯನ್ನು ಗುರುತಿಸುವ ಪುಟ್ಟ ಸಂವೇದಕ, ಎಂದರೆ ಸೆನ್ಸರ್, ಇರುತ್ತಿತ್ತು. ಲ್ಯಾಪ್‌ಟಾಪ್ ಕೈಜಾರಿ ಬಿದ್ದರೆ ಒಳಗಿನ ಹಾರ್ಡ್ ಡಿಸ್ಕ್ ಹಾಳಾಗದಿರಲಿ ಎಂದು ಕಂಪನಿಯವರು ಅದನ್ನು ಇಟ್ಟಿದ್ದರು. ಬೀಳುವುದನ್ನು ಗುರುತಿಸಬಲ್ಲದ್ದು ನಡುಗುವುದನ್ನೂ ಗುರುತಿಸಬಾರದೇಕೆ? ಇಷ್ಟೇ ಅವರ ಯೋಚನೆ. ಮೇಜಿನ ಮೇಲಿಡುವ ಸಾಮಾನ್ಯ ಕಂಪ್ಯೂಟರಿಗೆ ಯುಎಸ್‌ಬಿ ತಂತಿಯ ಮೂಲಕ ಜೋಡಿಸುವ ಅಗ್ಗದ ಸಂವೇದಕವನ್ನೂ ಒದಗಿಸಿದರು. ಅದನ್ನು ನೆಲಕ್ಕೆ ಭದ್ರವಾಗಿ ಅಂಟಿಸಬೇಕಿತ್ತು. ಮನೆಯವರು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದರೆ ಸಾಕು, ಕಂಪ್ಯೂಟರ್ ಹಿನ್ನೆಲೆಯಲ್ಲಿ ಸದ್ದಿಲ್ಲದೆ ನೆಲದ ನಾಡಿ ಹಿಡಿದು ಕೂತಿರುತ್ತಿತ್ತು. ಶಾಲೆಗಳು, ಗ್ರಂಥಾಲಯಗಳು, ನಿವೃತ್ತರು, ಗೃಹಿಣಿಯರು ಹೀಗೆ ಸಾವಿರಾರು ಮಂದಿ ಸ್ವಯಂಸೇವಕರು ಸಂಬಳವಿಲ್ಲದೆ ಇದಕ್ಕೆ ಸೇರಿಕೊಂಡರು.

ಆದರೆ ಇಲ್ಲೊಂದು ಕಷ್ಟವಿದೆ, ಪಾಠವಿರುವುದೂ ಅಲ್ಲಿಯೇ. ಮನೆಯ ಕಂಪ್ಯೂಟರ್ ಬಹಳ ಬಡಪಾಯಿ ಸಾಕ್ಷಿ. ಮಗು ಮೇಜಿಗೆ ಒದ್ದರೂ ಅದಕ್ಕೆ ನಡುಕ. ಯಾರೋ ಬಾಗಿಲನ್ನು ದಢಾರನೆ ಹಾಕಿದರೂ ನಡುಕ. ನಮ್ಮ ಕಡೆಯಾದರೆ ಕಬ್ಬು ತುಂಬಿದ ಲಾರಿ ಮನೆ ಮುಂದೆ ಹೋದರೆ ಸಾಕು. ಅದೊಂದರ ಮಾತನ್ನೇ ನಂಬಿ ಊರನ್ನು ಎಬ್ಬಿಸಿದರೆ ದಿನಕ್ಕೆ ಹತ್ತು ಸಲ ಬೀದಿಗೆ ಓಡಬೇಕಾದೀತು. ಹಾಗಾದರೆ ಇದರಿಂದ ಪ್ರಯೋಜನವೇನು?

ಒಂದೊಂದು ಕಂಪ್ಯೂಟರೂ ತನಗೆ ನಡುಕ ಕಂಡ ಕ್ಷಣವನ್ನೂ ಅದರ ಬಲವನ್ನೂ ಇಂಟರ್‌ನೆಟ್ ಮೂಲಕ ಒಂದು ಕೇಂದ್ರಕ್ಕೆ ತಿಳಿಸುತ್ತಿತ್ತು. ಕೇಂದ್ರ ತಕ್ಷಣ ನಂಬುತ್ತಿರಲಿಲ್ಲ. ಅದೇ ಪ್ರದೇಶದ ಬೇರೆ ಮನೆಗಳಿಂದಲೂ ವರದಿ ಬರುತ್ತದೆಯೇ ಎಂದು ನೋಡುತ್ತಿತ್ತು. ಮಗು ಒದ್ದದ್ದು ಒಂದೇ ಮನೆಯ ಮೇಜಿಗೆ. ನಾಲ್ಕು ಬೀದಿಗಳಲ್ಲಿ ನಾಲ್ಕು ಮಕ್ಕಳು ಒಂದೇ ಕ್ಷಣದಲ್ಲಿ ಒದೆಯುವುದಿಲ್ಲ. ಹಲವು ಮನೆಗಳ ವರದಿ ಒಂದಾದರೆ, ಅದೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆ ಹೋದ ಕ್ರಮದಲ್ಲೇ ಬಂದರೆ, ಅದು ನೆಲದ ನಡುಕವೇ ಹೌದು. ಹಳೆಯ ಒಡಂಬಡಿಕೆಯ ಧರ್ಮಶಾಸ್ತ್ರದಲ್ಲಿ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಬಾರದು, ಇಬ್ಬರು ಮೂವರು ಬೇಕು ಎಂಬ ನಿಯಮವಿರುವುದನ್ನು ಬಲ್ಲಿರಿ. ಕೇಂದ್ರದ ಯಂತ್ರ ಪಾಲಿಸಿದ್ದೂ ಹೆಚ್ಚು ಕಡಿಮೆ ಅದನ್ನೇ.

ಮೊಬೈಲಿನ ಗಾಳಿಸುದ್ದಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಯುವಜನರು ಗಮನಿಸಬೇಕು. ಗಾಳಿಸುದ್ದಿಯನ್ನು ಹೇಳುವವರೂ ನೂರು ಮಂದಿಯೇ. ಆದರೆ ಆ ನೂರು ಮಂದಿ ಒಬ್ಬನ ಮಾತನ್ನೇ ನೂರು ಸಲ ದಾಟಿಸಿರುತ್ತಾರೆ. ಕಂಡವರು ಒಬ್ಬರೂ ಇರಲಿಕ್ಕಿಲ್ಲ. ಇಲ್ಲಾದರೋ ಒಂದೊಂದು ಕಂಪ್ಯೂಟರೂ ಪಕ್ಕದ ಮನೆಯದು ಏನು ಹೇಳಿತು ಎಂದು ಕೇಳಿಕೊಳ್ಳದೆ, ತನ್ನ ಕಾಲಡಿಯ ನೆಲ ಮಾಡಿದ್ದನ್ನು ಮಾತ್ರ ಹೇಳುತ್ತದೆ. ಬಡ ಸಾಕ್ಷಿಗಳೇ ಆದರೂ ಸ್ವತಂತ್ರ ಸಾಕ್ಷಿಗಳು. ತರ್ಕಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಆದರೂ ವಾಟ್ಸಾಪಿನ ಮುಂದೆ ಕೂತಾಗ ಎಂಥವರಿಗೂ ಮರೆತುಹೋಗುತ್ತದೆ!

ಇನ್ನು ಸಮಯದ ಲೆಕ್ಕ. ಭೂಕಂಪದಲ್ಲಿ ಮೊದಲು ಬರುವ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದ್ದು. ಅದು ಸೌಮ್ಯ. ಕಟ್ಟಡ ಕೆಡವುವ ಎರಡನೆಯ ಅಲೆಯ ವೇಗ ಸುಮಾರು ಮೂರೂವರೆ ಕಿಲೋಮೀಟರ್. ನಮ್ಮಿಂದ 80 ಕಿಲೋಮೀಟರ್ ದೂರದಲ್ಲಿ ನೆಲ ಕದಲಿತು ಎನ್ನಿ. ಮೊದಲ ಅಲೆ 13 ಸೆಕೆಂಡಿನಲ್ಲಿ, ಎರಡನೆಯದು ಸುಮಾರು 23 ಸೆಕೆಂಡಿನಲ್ಲಿ ಬೆಳಕವಾಡಿಯನ್ನು ಮುಟ್ಟುತ್ತದೆ. ಕಂಪನ ಹುಟ್ಟಿದ ಜಾಗದ ಹತ್ತಿರದ ಕಂಪ್ಯೂಟರುಗಳು ಕೂಡಲೇ ಸುದ್ದಿ ಕೊಟ್ಟರೆ, ಇಂಟರ್‌ನೆಟ್ಟಿನ ಸುದ್ದಿ ನೆಲದ ಅಲೆಗಿಂತ ಎಷ್ಟೋ ಬೇಗ ಓಡುತ್ತದೆ. ಹತ್ತು ಹದಿನೈದು ಸೆಕೆಂಡು ಸಿಕ್ಕರೂ ಮಲಗಿದ ಮಗುವನ್ನು ಎತ್ತಿಕೊಳ್ಳಬಹುದು, ಒಲೆ ಆರಿಸಬಹುದು. ಇದು ಭವಿಷ್ಯ ಹೇಳುವುದಲ್ಲ ಎಂಬುದು ನೆನಪಿರಲಿ. ನಾಳೆ ಇಷ್ಟು ಗಂಟೆಗೆ ಭೂಕಂಪ ಎಂದು ಹೇಳಬಲ್ಲ ವಿಜ್ಞಾನಿ ಲೋಕದಲ್ಲಿ ಇಂದಿಗೂ ಇಲ್ಲ. ಹಾಗೆ ಹೇಳುವವನು ವಿಜ್ಞಾನಿಯಲ್ಲ.

ಈ ಜಾಲ ಕೆಲಸ ಮಾಡಿ ತೋರಿಸಿತು. 2010ರ ಫೆಬ್ರವರಿ 27ರಂದು ಚಿಲಿ ದೇಶದಲ್ಲಿ 8.8 ಪ್ರಮಾಣದ ಮಹಾಭೂಕಂಪವಾದಾಗ, ಮರುಕಂಪನಗಳನ್ನು ಹಿಡಿಯಲು ಸ್ವಯಂಸೇವಕರ ಮನೆ, ಕಚೇರಿಗಳಲ್ಲಿ ಸುಮಾರು ನೂರು ಸಂವೇದಕಗಳನ್ನು ಕೂಡಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಬಳಿ ಭೂಕಂಪವಾದ ಮೇಲೆ ಅಲ್ಲಿಯೂ ನೂರಕ್ಕೂ ಹೆಚ್ಚು ಇಟ್ಟರು. ಮುಂದಿನ ಫೆಬ್ರವರಿಯಲ್ಲಿ ಆ ಊರು ಮತ್ತೆ ಕುಸಿದಾಗ ಅವು ಅಲ್ಲೇ ಇದ್ದವು.

ಹಲವರ ಕಣ್ಣು ಕೂಡಿಸಿ ಭೂಮಿಯನ್ನು ನೋಡುವ ಈ ಪದ್ಧತಿಯಲ್ಲಿ ಕ್ರೈಸ್ತ ಗುರುಗಳ ಪಾಲೂ ಇದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಜನ ದೇವಾಲಯಗಳಲ್ಲಿ ತುಂಬಿದ್ದಾಗಲೇ ಲಿಸ್ಬನ್ ನಗರ ಭೂಕಂಪಕ್ಕೆ ನೆಲಸಮವಾಯಿತು. ಯೇಸುಸಭೆಯ ಗುರು ಗಾಬ್ರಿಯೇಲ್ ಮಲಗ್ರಿದ ಇದು ಪಾಪಕ್ಕೆ ದೇವರ ಶಿಕ್ಷೆಯೆಂದು ಪುಸ್ತಿಕೆ ಬರೆದರು. ಪೂಜೆಗೆ ಬಂದವರ ತಲೆಯ ಮೇಲೆಯೇ ಛಾವಣಿ ಬಿದ್ದಿರುವಾಗ ಇದನ್ನು ಹೇಗೆ ಒಪ್ಪುವುದು? ಸಿಲೋವದ ಗೋಪುರ ಬಿದ್ದು ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸಬೇಡಿರೆಂದು ಪ್ರಭುವೇ ಎಚ್ಚರಿಸಿದ್ದಾರಲ್ಲ. ಆದರೆ ಅದೇ ಯೇಸುಸಭೆಯ ಗುರು ಫ್ರೆಡ್ರಿಕ್ ಓಡೆನ್‌ಬಾಕ್, ನೂರೈವತ್ತು ವರ್ಷಗಳ ತರುವಾಯ 1909ರಲ್ಲಿ, ಉತ್ತರ ಅಮೆರಿಕದಲ್ಲಿರುವ ತಮ್ಮ ಸಭೆಯ ಕಾಲೇಜುಗಳಿಗೆಲ್ಲ ಒಂದೇ ಬಗೆಯ ಭೂಕಂಪಮಾಪಕಗಳನ್ನು ಕೊಡಿಸುವ ಯೋಜನೆ ಹಾಕಿದರು. ಒಂದೇ ಬಗೆಯದ್ದು ಏಕೆಂದರೆ ಒಂದರ ದಾಖಲೆಯನ್ನು ಇನ್ನೊಂದರ ಜೊತೆ ಹೋಲಿಸಬೇಕಲ್ಲ! ಆರಂಭದ ಉತ್ಸಾಹ ಕೆಲವು ಕಡೆ ತಣ್ಣಗಾಯಿತು. 1925ರಲ್ಲಿ ಜೇಮ್ಸ್ ಮ್ಯಾಕಲ್ವೇನ್ ಎಂಬ ಗುರು ಸೇಂಟ್ ಲೂಯಿಸ್ ನಗರವನ್ನು ಕೇಂದ್ರ ಮಾಡಿಕೊಂಡು ಅದನ್ನು ಪುನಃ ಕಟ್ಟಿದರು. ಪಾಠ ಹೇಳುವ ಗುರುಗಳೇ ನೆಲಮಾಳಿಗೆಗೆ ಇಳಿದು ದಾಖಲೆಯ ಕಾಗದ ಬದಲಿಸುತ್ತಿದ್ದ ಕಾಲವದು. ಮಲಗ್ರಿದರ ಪುಸ್ತಿಕೆಗಿಂತ ಈ ಕಾಗದಗಳು ದೇವರ ಸೃಷ್ಟಿಗೆ ತೋರಿದ ಹೆಚ್ಚಿನ ಗೌರವ ಎಂಬುದು ನನ್ನ ಎಣಿಕೆ.

ನಮ್ಮ ರಾಜ್ಯದಲ್ಲೂ ಹಲವು ಉಪಕರಣಗಳನ್ನು ಕೂಡಿಸಿದ ದೊಡ್ಡ ಉದಾಹರಣೆಯಿದೆ. ಗೌರಿಬಿದನೂರಿನಲ್ಲಿ 1965ರಿಂದ ಅಣುಶಕ್ತಿ ಇಲಾಖೆಯ ಭೂಕಂಪಮಾಪಕಗಳ ಸಾಲು ಕೆಲಸ ಮಾಡುತ್ತಿದೆ. ಬ್ರಿಟನ್ನಿನ ಸಹಕಾರದಿಂದ, ಪರದೇಶಗಳ ಅಣುಪರೀಕ್ಷೆಗಳನ್ನು ಪತ್ತೆಹಚ್ಚಲೆಂದು ಅದನ್ನು ಸ್ಥಾಪಿಸಿದರು. ಸ್ಫೋಟವೋ ಭೂಕಂಪವೋ ಎಂಬ ಬೇಬಿ ಬೆಟ್ಟದ ಪ್ರಶ್ನೆಯೇ ಅಲ್ಲಿಯದೂ! ಸ್ಫೋಟವು ನೆಲವನ್ನು ಎಲ್ಲ ದಿಕ್ಕಿಗೂ ಹೊರಗೆ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆಗಳು ಒಂದರ ಮೇಲೊಂದು ಜಾರುವುದರಿಂದ ಕೆಲವು ಕಡೆ ತಳ್ಳುತ್ತದೆ, ಕೆಲವು ಕಡೆ ಎಳೆಯುತ್ತದೆ, ಎರಡನೆಯ ಅಲೆಯೂ ಜೋರಾಗಿರುತ್ತದೆ. ಸುತ್ತಲೂ ಹಲವು ಕಡೆ ಅಳೆದರೆ ಮಾತ್ರ ಇದು ತಿಳಿಯುವುದು.

"ನಮ್ಮ ಕಡೆ ಗಟ್ಟಿ ಕಲ್ಲಿನ ನೆಲ, ಭೂಕಂಪದ ಭಯವಿಲ್ಲ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಅರ್ಧ ನಿಜ. 2002ರ ನಕ್ಷೆಯಲ್ಲಿ ಮಂಡ್ಯ ಜಿಲ್ಲೆಯ ಬಹುಭಾಗ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿತ್ತು. ಆದರೆ ನಮ್ಮ ಗಡಿಯಾಚೆಯ ಕಿಲ್ಲಾರಿಯನ್ನು ಆಗಿನ ನಕ್ಷೆ ಅದಕ್ಕಿಂತಲೂ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿ ಇಟ್ಟಿತ್ತು. 1992ರಲ್ಲಿಯೇ ಅಲ್ಲಿ ಸಣ್ಣ ಸಣ್ಣ ಕಂಪನಗಳು ಮತ್ತೆ ಮತ್ತೆ ಆಗಿದ್ದವು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಬಿದ್ದವು. ಹತ್ತು ಸಾವಿರದಷ್ಟು ಮಂದಿ ಸತ್ತರು. ಆ ವಲಯವನ್ನೇ 2002ರಲ್ಲಿ ನಕ್ಷೆಯಿಂದ ತೆಗೆದುಹಾಕಿದರು.

ಆದ್ದರಿಂದಲೇ 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಪದೇಪದೇ ನಡುಗಿದಾಗ, ಜನ ಮನೆಯೊಳಗೆ ಮಲಗಲು ಹೆದರಿ ಹೊರಗೆ ರಾತ್ರಿ ಕಳೆದದ್ದನ್ನು ಕಂಡು ನಗಬಾರದು. 2022ರ ಜೂನ್, ಜುಲೈನಲ್ಲಿ ಕೊಡಗಿನ ಸಂಪಾಜೆ, ಚೆಂಬು ಕಡೆಯವರ ಪಾಡೂ ಹಾಗೆಯೇ ಆಗಿತ್ತು. ಇಂಥ ಊರುಗಳಲ್ಲಿ ಹತ್ತು ಮನೆಗಳಲ್ಲಿ ಸಂವೇದಕಗಳಿದ್ದರೆ ಕಂಪನ ನಿಲ್ಲುವುದಿಲ್ಲ, ಮನೆ ಗಟ್ಟಿಯಾಗುವುದೂ ಇಲ್ಲ. ಆದರೆ "ನಿಮಗೆ ಭ್ರಮೆ" ಎಂದು ಯಾರೂ ಹೇಳಲಾರರು.

ಕ್ವೇಕ್ ಕ್ಯಾಚರ್ ಜಾಲದ ಕಾಲ ಮುಗಿಯಿತು. ಅದರ ಯೋಚನೆ ಮಾತ್ರ ಈಗ ನಮ್ಮ ಜೇಬಿಗೇ ಬಂದಿದೆ. ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ಅದೇ ತರಹದ ಸಂವೇದಕವಿದ್ದು, ಚಾರ್ಜಿಗೆ ಹಾಕಿ ಅಲುಗಾಡದಂತೆ ಇಟ್ಟಾಗ ಅದು ನೆಲದ ನಡುಕವನ್ನು ಗೂಗಲ್ ಕಂಪನಿಯ ಕೇಂದ್ರಕ್ಕೆ ತಿಳಿಸುತ್ತದೆ. ಭಾರತದಲ್ಲಿ ಈ ಎಚ್ಚರಿಕೆಯ ವ್ಯವಸ್ಥೆ 2023ರ ಸೆಪ್ಟೆಂಬರಿನಲ್ಲಿ ಬಂತು. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಸುರಕ್ಷತೆಯ ಭಾಗದಲ್ಲಿ ಭೂಕಂಪದ ಎಚ್ಚರಿಕೆ ಚಾಲೂ ಇದೆಯೇ ಎಂದು ಮನೆಯ ಮಕ್ಕಳನ್ನು ಕೇಳಿ ನೋಡಿಸಿ. ಕುರುಡು ನಂಬಿಕೆ ಮಾತ್ರ ಬೇಡ. ಅದೇ ವರ್ಷ ಫೆಬ್ರವರಿ 6ರಂದು ತುರ್ಕಿಯಲ್ಲಿ 7.8 ಪ್ರಮಾಣದ ಭೂಕಂಪವಾದಾಗ ಈ ವ್ಯವಸ್ಥೆ ಅದರ ಬಲವನ್ನು ಐದಕ್ಕಿಂತ ಕಡಿಮೆಯೆಂದು ಎಣಿಸಿತು. ಕೋಟಿಯಷ್ಟು ಜನರಿಗೆ ಹೋಗಬೇಕಿದ್ದ ತೀವ್ರ ಎಚ್ಚರಿಕೆ ಹೋದದ್ದು 469 ಮಾತ್ರ. ಕಂಪನಿಯ ಸಂಶೋಧಕರೇ 2025ರಲ್ಲಿ ಇದನ್ನು ಪ್ರಕಟಿಸಿದರು. ಸಾಕ್ಷಿಗಳು ಲಕ್ಷಾಂತರ ಇದ್ದರೂ ಅವರ ಮಾತನ್ನು ತೂಗುವ ನ್ಯಾಯಾಧೀಶ ಎಡವಬಹುದು.

ನಮ್ಮ ಪ್ರೌಢಶಾಲೆಗಳ ಶಿಕ್ಷಕರಿಗೆ ಒಂದು ಸೂಚನೆ. 'ರಾಸ್‌ಬೆರಿ ಶೇಕ್' ಎಂಬ ಅಂಗೈಯಗಲದ ಭೂಕಂಪಮಾಪಕ ಮಾರುಕಟ್ಟೆಯಲ್ಲಿದೆ, ಮೊಬೈಲಿನ ಸಂವೇದಕಕ್ಕಿಂತ ಎಷ್ಟೋ ಸೂಕ್ಷ್ಮವಾದದ್ದು. ಹತ್ತಾರು ಸಾವಿರ ರೂಪಾಯಿ ಬೇಕು, ಒಂದು ಶಾಲೆಗೆ ಭಾರವೇ. ಎರಡು ಮೂರು ಊರಿನ ಶಾಲೆಗಳು, ಹಳೆಯ ವಿದ್ಯಾರ್ಥಿಗಳ ನೆರವಿನಿಂದ, ಒಂದೊಂದನ್ನು ಇಟ್ಟುಕೊಂಡರೆ ಚೆನ್ನ. ಒಂದೇ ಇದ್ದರೆ ಅದು ಮತ್ತೆ ಒಂಟಿ ಸಾಕ್ಷಿಯೇ.

ಹಣವಿಲ್ಲದೆಯೂ ಆಗುವ ಕೆಲಸವಿದೆ. ಒಂದು ನೋಟ್ ಪುಸ್ತಕವನ್ನು ಗಡಿಯಾರದ ಪಕ್ಕದಲ್ಲಿ ಇಡಿ. ಧಡ್ ಎಂದ ಕೂಡಲೇ ಮೊಬೈಲಿನ ಗಡಿಯಾರ ನೋಡಿ ತಾರೀಖು, ಗಂಟೆ, ನಿಮಿಷ ಬರೆಯಿರಿ. ಮೊದಲು ಶಬ್ದ ಬಂತೇ, ನಡುಕ ಬಂತೇ, ಎಷ್ಟು ಸೆಕೆಂಡು ಇತ್ತು, ನೇತಾಡುವ ದೀಪ ತೂಗಿತೇ, ಯಾವ ಗೋಡೆಯಲ್ಲಿ ಹೊಸ ಬಿರುಕು ಬಂದಿದೆ, ಇಷ್ಟನ್ನು ಬರೆಯಿರಿ. ಪಕ್ಕದ ಮನೆಯವರನ್ನು ಕೇಳುವ ಮುಂಚೆಯೇ ಬರೆಯಿರಿ. ಆಮೇಲೆ ಬೇಕಾದರೆ ಅವರ ಪುಸ್ತಕದ ಜೊತೆ ಹೋಲಿಸಿ ನೋಡಿ.