ಪ್ರವಾಸದ ಸೈಕಲ್: ಚೌಕಟ್ಟಿನ ಅಳತೆಯನ್ನು ಅರಿಯುವ ಬಗೆ

ಸದಾಶಿವಗಡದ ಬಳಿ ಕಾಳಿ ನದಿಯನ್ನು ದಾಟಿ ಕಾರವಾರ, ಅಂಕೋಲಾಗಳ ಮೂಲಕ ದಕ್ಷಿಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 (ಹಿಂದಿನ 17), ಗೋವಾ ಮತ್ತು ಕೇರಳದ ನಡುವೆ ಸಂಚರಿಸುವ ಸೈಕಲ್ ಪ್ರವಾಸಿಗರ ಸಹಜ ಮಾರ್ಗವಾಗಿದೆ. ಅಂಕೋಲಾದಿಂದ ಅರಬೈಲು ಘಟ್ಟವನ್ನೇರಿ ಯಲ್ಲಾಪುರದತ್ತ ಹೊರಡುವವರೂ ಉಂಟು. ಇಂತಹ ಸಂಚಾರಕ್ಕೆಂದು ಸೈಕಲ್ ಕೊಳ್ಳಬಯಸುವ ಗ್ರಾಹಕರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಬೆಲೆಯನ್ನು ಹಾಗೂ ಗೇರುಗಳ ಸಂಖ್ಯೆಯನ್ನು. ಆದರೆ ಅವರ ತೃಪ್ತಿಯನ್ನು ನಿರ್ಧರಿಸುವುದು ಚೌಕಟ್ಟಿನ ಅಳತೆ. ಟೈರು, ಗೇರು, ಸೀಟುಗಳನ್ನು ಮುಂದೆ ಬದಲಿಸಬಹುದು. ಚೌಕಟ್ಟನ್ನು ಬದಲಿಸುವುದೆಂದರೆ ಸೈಕಲನ್ನೇ ಬದಲಿಸಿದಂತೆ. ಆದುದರಿಂದ ಮಾರುವವರು ಈ ವಿಷಯವನ್ನು ಅರಿತಿರುವುದು ಅವಶ್ಯಕ.

ಸಂಖ್ಯೆಗಳ ಗೊಂದಲ

ನಮ್ಮ ಪೇಟೆಗಳಲ್ಲಿ '26 ಇಂಚಿನ ಸೈಕಲ್' ಎಂದರೆ ಅದು ಚಕ್ರದ ಅಳತೆ. ಹಳೆಯ ಕಪ್ಪು ರೋಡ್‌ಸ್ಟರ್ ಸೈಕಲ್‌ಗಳಿಗೆ ಹೇಳುವ '22' ಮತ್ತು '24' ಇಂಚು ಚೌಕಟ್ಟಿನ ಅಳತೆ. ಹುಡುಗರ ಸೈಕಲ್‌ಗೆ '24' ಎಂದರೆ ಪುನಃ ಚಕ್ರದ್ದೇ. ಈ ವ್ಯತ್ಯಾಸವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

ಪೆಡಲ್‌ಗಳ ಅಚ್ಚು ಹಾದುಹೋಗುವ ಬಾಟಮ್ ಬ್ರಾಕೆಟ್‌ನ ಮಧ್ಯಬಿಂದುವಿನಿಂದ ಸೀಟ್ ಟ್ಯೂಬಿನ ಮೇಲಿನ ತುದಿಯವರೆಗಿನ ಉದ್ದವೇ ಚೌಕಟ್ಟಿನ ಅಳತೆ. ಕೆಲವು ತಯಾರಕರು ಟಾಪ್ ಟ್ಯೂಬಿನ ಮಧ್ಯದವರೆಗೆ ಮಾತ್ರ ಅಳೆಯುವುದರಿಂದ ಒಂದೆರಡು ಸೆಂಟಿಮೀಟರುಗಳ ಅಂತರ ಬರುತ್ತದೆ. 22 ಇಂಚೆಂದರೆ 55.9 ಸೆಂ.ಮೀ.; 24 ಇಂಚೆಂದರೆ ಸುಮಾರು 61 ಸೆಂ.ಮೀ.

ಗ್ರಾಹಕರ ಅಳತೆ

ಎತ್ತರವನ್ನಷ್ಟೇ ಕೇಳಿದರೆ ಸಾಲದು; ಕಾಲಿನ ಒಳ ಅಳತೆ ಬೇಕು. ಗ್ರಾಹಕರನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನುಕೊಟ್ಟು ನಿಲ್ಲಿಸಿ, ಪಾದಗಳ ನಡುವೆ ಗೇಣಿನಷ್ಟು ಅಂತರವಿಡಿಸಿ, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ಸಂಧಿಗೆ ಬಿಗಿಯಾಗಿ ತಾಗುವಂತೆ ಅವರಿಂದಲೇ ಹಿಡಿಸಬೇಕು. ಪುಸ್ತಕದ ಮೇಲಂಚಿನಿಂದ ನೆಲದವರೆಗಿನ ದೂರವೇ ಒಳ ಅಳತೆ.

ಈ ಅಳತೆಯನ್ನು 0.67ರಿಂದ ಗುಣಿಸಿದರೆ, ಟಾಪ್ ಟ್ಯೂಬು ನೆಲಕ್ಕೆ ಸಮಾನಾಂತರವಾಗಿರುವ ಸೈಕಲ್‌ನ ಚೌಕಟ್ಟಿನ ಅಂದಾಜು ದೊರೆಯುತ್ತದೆ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಒಳ ಅಳತೆ 78, ಇನ್ನೊಬ್ಬರದು 84 ಸೆಂ.ಮೀ. ಇದೆಯೆಂದು ಭಾವಿಸೋಣ. ಮೊದಲನೆಯವರಿಗೆ 52, ಎರಡನೆಯವರಿಗೆ 56 ಸೆಂ.ಮೀ. ಚೌಕಟ್ಟು ಹೊಂದುತ್ತದೆ. 22 ಇಂಚಿನದು ಒಬ್ಬರಿಗೆ ಸರಿ, ಮತ್ತೊಬ್ಬರಿಗೆ ದೊಡ್ಡದು. ಸೈಕಲ್‌ನ ಇಬ್ಬದಿಗೆ ಕಾಲಿಟ್ಟು ನಿಂತಾಗ ದೇಹಕ್ಕೂ ಟಾಪ್ ಟ್ಯೂಬಿಗೂ ನಡುವೆ 2.5ರಿಂದ 5 ಸೆಂ.ಮೀ. ತೆರವಿರಬೇಕು.

ಉದ್ದವನ್ನೂ ನೋಡಬೇಕು

ಈಗಿನ ಅನೇಕ ಸೈಕಲ್‌ಗಳ ಟಾಪ್ ಟ್ಯೂಬು ಹಿಂದಕ್ಕೆ ಇಳಿಜಾರಾಗಿರುವುದರಿಂದ ಸೀಟ್ ಟ್ಯೂಬು ಗಿಡ್ಡದಾಗಿರುತ್ತದೆ. ಅಲ್ಲಿ ಮೇಲಿನ ಲೆಕ್ಕವೊಂದೇ ಸಾಲದು. ತಯಾರಕರ ಪಟ್ಟಿಯಲ್ಲಿ 'ಸ್ಟ್ಯಾಕ್' ಮತ್ತು 'ರೀಚ್' ಎಂಬ ಎರಡು ಅಂಕಿಗಳಿರುತ್ತವೆ. ಬಾಟಮ್ ಬ್ರಾಕೆಟ್‌ನಿಂದ ಹೆಡ್ ಟ್ಯೂಬಿನ ಮೇಲ್ತುದಿಗೆ ಇರುವ ಎತ್ತರ ಸ್ಟ್ಯಾಕ್. ಮುಂದಕ್ಕಿರುವ ಅಡ್ಡ ದೂರ ರೀಚ್. ದಿನವಿಡೀ ಸವಾರಿ ಮಾಡುವವರಿಗೆ ಸ್ಟ್ಯಾಕ್ ಹೆಚ್ಚಾಗಿಯೂ ರೀಚ್ ಮಿತವಾಗಿಯೂ ಇರುವುದು ಹಿತ. ರೀಚ್ ಅತಿಯಾದರೆ ಕುತ್ತಿಗೆ, ಮಣಿಕಟ್ಟುಗಳು ನೋಯುತ್ತವೆ. ಹಿಂಬದಿಯ ಚೈನ್‌ಸ್ಟೇ 44ರಿಂದ 46 ಸೆಂ.ಮೀ. ಇದ್ದರೆ ಹಿಮ್ಮಡಿಯು ಸಾಮಾನಿನ ಚೀಲಕ್ಕೆ ತಾಗದು. ಕ್ಯಾರಿಯರ್ ತಯಾರಿಸುವ ನಮ್ಮ ವೆಲ್ಡಿಂಗ್ ಘಟಕಗಳೂ ಈ ಅಂತರವನ್ನು ಅಳೆದೇ ಕೆಲಸಕ್ಕೆ ತೊಡಗುವುದು ಉಚಿತ.

ಹೊಂದಾಣಿಕೆಯ ಮಿತಿ

ಒಳ ಅಳತೆಯನ್ನು 0.883ರಿಂದ ಗುಣಿಸಿದರೆ ಬಾಟಮ್ ಬ್ರಾಕೆಟ್‌ನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ಎತ್ತರ ಸಿಗುತ್ತದೆ, 78 ಸೆಂ.ಮೀ.ಗೆ ಸುಮಾರು 69. ಸೀಟ್ ಪೋಸ್ಟನ್ನು ಅದರ ಮೇಲಿನ ಗಡಿಗೆರೆಯನ್ನು ಮೀರಿ ಎತ್ತಕೂಡದು. ಸ್ಟೆಮ್ ಬದಲಿಸಿ ಒಂದೆರಡು ಸೆಂಟಿಮೀಟರುಗಳಷ್ಟು ಸರಿಪಡಿಸಬಹುದೇ ಹೊರತು ತಪ್ಪು ಚೌಕಟ್ಟನ್ನು ಸರಿಯಾಗಿಸಲಾಗದು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಉಕ್ಕಿನ ಚೌಕಟ್ಟಿನಲ್ಲಿ ಸೀಟ್ ಪೋಸ್ಟ್ ತುಕ್ಕುಹಿಡಿದು ಅಂಟಿಕೊಳ್ಳುವುದುಂಟು. ಮಾರುವಾಗಲೇ ಗ್ರೀಸ್ ಹಚ್ಚಿದರೆ ಈ ತೊಂದರೆ ತಪ್ಪುತ್ತದೆ.

ವರ್ತಕರಿಗೆ ಸೂಚನೆ

ಅಂಗಡಿಯಲ್ಲಿರುವ ಒಂದೇ ಅಳತೆಯನ್ನು ಎಲ್ಲರಿಗೂ ಒಪ್ಪಿಸಿದರೆ ಅಂದಿನ ಮಾರಾಟವೇನೋ ಆಗುತ್ತದೆ. ಆದರೆ ಮಂಡಿನೋವಿನಿಂದ ಮರಳಿದ ಗ್ರಾಹಕರು ಮುಂದಿನ ಖರೀದಿಗೆ ಮಡಗಾಂವಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಇದಕ್ಕೆ ಬದಲಾಗಿ, ವಿಚಾರಿಸಲು ಬಂದ ಪ್ರತಿಯೊಬ್ಬರ ಒಳ ಅಳತೆಯನ್ನೂ ಕೆಲವು ತಿಂಗಳ ಕಾಲ ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ಅಳತೆಯ ಚೌಕಟ್ಟುಗಳನ್ನು ಎಷ್ಟು ತರಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಮಾರಾಟವಾಗದ ಸರಕಿನಲ್ಲಿ ಬಂಡವಾಳ ಸಿಲುಕುವುದೂ ತಪ್ಪುತ್ತದೆ. ಇದಕ್ಕೆ ಬೇಕಾದ ಸಾಧನಗಳೆಂದರೆ ಒಂದು ಟೇಪು, ಒಂದು ಪುಸ್ತಕ ಮತ್ತು ಐದು ನಿಮಿಷಗಳ ತಾಳ್ಮೆ ಮಾತ್ರ.