ಒಂದೇ ಕೀಲಿಮಣೆ, ಎರಡು ಗಣಕಯಂತ್ರ

ನಮ್ಮ ಶಾಲೆಯ ಕಚೇರಿಗೆ ಬಂದ ರಕ್ಷಕರಲ್ಲಿ ಹಲವರು ಮೂಲೆಯ ಮೇಜನ್ನು ನೋಡಿ ಒಂದೇ ಪ್ರಶ್ನೆಯನ್ನು ಕೇಳಿರುವರು. ಮೇಜಿನ ಕೆಳಗೆ ಸಿ.ಪಿ.ಯು. ಎಂದು ನಾವೆಲ್ಲ ಕರೆಯುವ ಪೆಟ್ಟಿಗೆಗಳು ಎರಡಿವೆ. ಮೇಲೆ ಪರದೆ ಒಂದೇ, ಕೀಲಿಮಣೆ ಒಂದೇ, ಮೌಸೂ ಒಂದೇ. ಹಾಗಾದರೆ ಇನ್ನೊಂದು ಪೆಟ್ಟಿಗೆ ಕೆಟ್ಟುಹೋಗಿದೆಯೇ? ಕೆಟ್ಟಿದ್ದರೆ ಗುಜರಿಯವನಿಗೆ ಏಕೆ ಕೊಟ್ಟಿಲ್ಲ? ಎರಡೂ ಯಂತ್ರಗಳು ಸರಿಯಾಗಿಯೇ ಇವೆ, ಎರಡೂ ದಿನವೂ ದುಡಿಯುತ್ತಿವೆ ಎಂದರೆ ಕೇಳಿದವರು ಪೂರ್ತಿಯಾಗಿ ನಂಬುವುದಿಲ್ಲ. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಆ ಮೇಜಿನ ಸಂಗತಿಯನ್ನೇ ಒಂದು ಪಾಠವಾಗಿ ಬರೆಯುವುದು ಒಳ್ಳೆಯದೆಂದು ನಮಗೆ ತೋರಿತು.

ಮೊದಲು, ಎರಡು ಯಂತ್ರಗಳು ಏಕೆ ಬೇಕಾದುವು ಎಂಬುದನ್ನು ಹೇಳಬೇಕು. ಹೊಸ ಯಂತ್ರದಲ್ಲಿ ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆಯು ಸಿದ್ಧಪಡಿಸಿಕೊಡುವ ಗ್ನೂ/ಲಿನಕ್ಸ್ ವ್ಯವಸ್ಥೆಯಿದೆ. ಶಾಲೆಯ ದಾಖಲೆಗಳೂ ಅಂತರ್ಜಾಲದ ಕೆಲಸಗಳೂ ಅದರಲ್ಲಿಯೇ ನಡೆಯುತ್ತವೆ. ಹಳೆಯದರಲ್ಲಿರುವುದು ಹಳೆಯ ವಿಂಡೋಸ್. ಅದರೊಡನೆ ನುಡಿ ತಂತ್ರಾಂಶದ ಹಳೆಯ ಆವೃತ್ತಿ. ಈ ವಾರ್ಷಿಕ ಸಂಚಿಕೆಯ ಹಿಂದಿನ ಅನೇಕ ವರ್ಷಗಳ ಲೇಖನಗಳೂ ಕನ್ನಡ ಪ್ರಶ್ನೆಪತ್ರಿಕೆಗಳೂ ಆ ನುಡಿಯಲ್ಲಿಯೇ ಬೆರಳಚ್ಚಾಗಿವೆ. ಅಂದಿನ ಕ್ರಮದಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಕನ್ನಡದ ಸುಳಿವೇ ಇರದು. ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು ಪುಟದ ತುಂಬ ಹರಡಿರುತ್ತವೆ. ಈಗಿನ ಯೂನಿಕೋಡ್ ಕ್ರಮವು ಬೇರೆ. ಅದರಲ್ಲಿ ಕನ್ನಡಕ್ಕೆಂದೇ ೧೨೮ ಸ್ಥಾನಗಳ ಒಂದು ಸಾಲು ಮೀಸಲಾಗಿದೆ. ಹಳೆಯ ಕಡತವನ್ನು ಹೊಸ ಕ್ರಮಕ್ಕೆ ಪರಿವರ್ತಿಸುವ ಸಾಧನಗಳಿವೆ ಸರಿ, ಆದರೆ ನಮ್ಮ ಅನುಭವದಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಸ್ಥಾನ ತಪ್ಪುತ್ತವೆ. ಮೂಲವನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ತಿದ್ದಲೇಬೇಕು. ಗಡಿನಾಡಿನ ಕನ್ನಡ ಶಾಲೆಗೆ ತನ್ನ ಹಳೆಯ ಬರಹಗಳೆಂದರೆ ಎಷ್ಟರ ಮಟ್ಟಿನ ಆಸ್ತಿ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಯಂತ್ರವನ್ನು ಉಳಿಸಿಕೊಂಡುದು ಇದಕ್ಕಾಗಿ. ಮೇಜಿನ ಅಗಲವು ಇನ್ನೊಂದು ಪರದೆಯನ್ನು ಹಿಡಿಯಲಾರದು. ಕೊಳ್ಳುವುದಕ್ಕೆ ಹಣವೂ ಇರಲಿಲ್ಲ.

ನಮ್ಮ ಊರಿನಲ್ಲಿ ಒಂದೇ ಪಂಪಿನಿಂದ ಎರಡು ಅಡಕೆ ತೋಟಗಳಿಗೆ ನೀರು ಹಾಯಿಸುವವರಿದ್ದಾರೆ. ಕೊಳವೆ ಕವಲೊಡೆಯುವಲ್ಲಿ ಗೇಟ್‌ವಾಲ್ವು ಇರುತ್ತದೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ನೀರು ಆಚೆಯ ತೋಟಕ್ಕೆ ಹರಿಯುವುದು. ಒಂದು ಕೀಲಿಮಣೆಯನ್ನು ಎರಡು ಗಣಕಯಂತ್ರಗಳಿಗೆ ಹಂಚುವ ಉಪಾಯವೂ ಮೂಲತಃ ಇದೇ. ಆದರೆ ತೋಟಕ್ಕೂ ಯಂತ್ರಕ್ಕೂ ಒಂದು ವ್ಯತ್ಯಾಸವುಂಟು. ನೀರು ನಿಂತಿತೆಂದು ಅಡಕೆ ಮರವು ಆ ಕ್ಷಣವೇ ಗಾಬರಿಗೊಳ್ಳುವುದಿಲ್ಲ, ಗಣಕಯಂತ್ರವು ಗಾಬರಿಗೊಳ್ಳುತ್ತದೆ. ಅದು ಹೇಗೆಂಬುದನ್ನು ತಿಳಿಯಲು ತಂತಿಗಳಲ್ಲಿ ಏನು ಹರಿಯುತ್ತದೆ ಎಂಬುದನ್ನು ನೋಡಬೇಕು.

ಕೀಲಿಮಣೆಯಿಂದ ಅಕ್ಷರಗಳು ಹರಿಯುತ್ತವೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ಕೀಲಿಮಣೆಗೆ ಅಕ್ಷರಜ್ಞಾನವೇ ಇಲ್ಲ. ಯಾವ ಕೀಲಿಯನ್ನು ಒತ್ತಲಾಯಿತು ಎಂಬುದನ್ನು ತಿಳಿಸುವ ಒಂದು ಸಂಖ್ಯೆಯನ್ನು ಮಾತ್ರ ಅದು ಕಳುಹಿಸುತ್ತದೆ. ೧೯೯೬ರಲ್ಲಿ ಬಂದ ಯು.ಎಸ್.ಬಿ. ಜೋಡಣೆಯ ಪದ್ಧತಿಯಲ್ಲಿ ಎ ಕೀಲಿಗೆ ೪, ಡಿ ಕೀಲಿಗೆ ೭, ಜೆ ಕೀಲಿಗೆ ೧೩, ಕೆ ಕೀಲಿಗೆ ೧೪, ಎಲ್ ಕೀಲಿಗೆ ೧೫ ಎಂದು ಗೊತ್ತುಮಾಡಿದ್ದಾರೆ. ಆ ೧೩ನ್ನು ಯಾವ ಅಕ್ಷರವಾಗಿ ಬರೆಯಬೇಕೆಂಬುದನ್ನು ನಿರ್ಧರಿಸುವುದು ಯಂತ್ರದೊಳಗಿನ ತಂತ್ರಾಂಶ. ನಮ್ಮ ಹಳೆಯ ಯಂತ್ರದ ನುಡಿಯಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸವಿದೆ. ಅಲ್ಲಿ ಜೆ ಒತ್ತಿದರೆ ‘ಜ’, ಎಲ್ ಒತ್ತಿದರೆ ‘ಲ’. ಎರಡನ್ನೂ ಕ್ರಮವಾಗಿ ಒತ್ತಿದರೆ ‘ಜಲ’ ಎಂದಾಯಿತು. ಹೊಸ ಯಂತ್ರದಲ್ಲಿ ನಾವು ಬಳಸುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಅಲ್ಲಿ ಅದೇ ಎರಡು ಕೀಲಿಗಳು ‘ರತ’ ಎಂದು ಬರೆಯುತ್ತವೆ. ಡಿ ಕೀಲಿಯು ಹಳೆಯದರಲ್ಲಿ ‘ದ’, ಹೊಸದರಲ್ಲಿ ಅರ್ಧಾಕ್ಷರದ ಕೊಂಬು. ಕೆ ಕೀಲಿಯೊಂದು ಮಾತ್ರ ನಮ್ಮ ಮೇಲೆ ದಯೆಯಿಟ್ಟು ಎರಡರಲ್ಲೂ ‘ಕ’ ಎಂದೇ ಬರೆಯುತ್ತದೆ! ಎಂಟನೆಯ ತರಗತಿಯ ಮಕ್ಕಳು ಇದನ್ನು ಕಂಡು ಕೀಲಿಮಣೆಯೇ ಕೆಟ್ಟಿತೆಂದು ದೂರಿತ್ತಿದ್ದರು. ಕೀಲಿಮಣೆಯು ಎರಡು ಕಡೆಗೂ ಹೇಳಿದುದು ಒಂದೇ ಮಾತು. ಕೇಳಿದವರು ಅರ್ಥಮಾಡಿಕೊಂಡುದು ಬೇರೆ ಬೇರೆ.

ಕೀಲಿಮಣೆಯು ಒಮ್ಮೆಗೆ ಕಳುಹಿಸುವ ವರದಿ ಸಾಮಾನ್ಯವಾಗಿ ೮ ಬೈಟು, ಎಂದರೆ ೬೪ ಬಿಟ್. ಸೆಕೆಂಡಿಗೆ ೧೨೫ ಸಲ ಕಳುಹಿಸಿದರೂ ೮,೦೦೦ ಬಿಟ್ ಆಯಿತು. ಪರದೆಯ ಲೆಕ್ಕವನ್ನು ಈಗ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ನಮ್ಮ ಪರದೆಯಲ್ಲಿ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕಿಗಳು, ಗುಣಿಸಿದರೆ ೨೦,೭೩,೬೦೦. ಪ್ರತಿಯೊಂದು ಚುಕ್ಕಿಯ ಬಣ್ಣವನ್ನು ಹೇಳಲು ೨೪ ಬಿಟ್, ಒಟ್ಟು ೪,೯೭,೬೬,೪೦೦. ಇಂತಹ ಚಿತ್ರವನ್ನು ಸೆಕೆಂಡಿಗೆ ೬೦ ಸಲ ಕಳುಹಿಸಬೇಕು. ಗುಣಲಬ್ಧವು ೨೯೮ ಕೋಟಿ ೫೯ ಲಕ್ಷ ೮೪ ಸಾವಿರ! ಕೀಲಿಮಣೆಯ ತಂತಿಯಲ್ಲಿ ಹನಿ ಹನಿಯಾಗಿ ತೊಟ್ಟಿಕ್ಕಿದರೆ ಪರದೆಯ ತಂತಿಯಲ್ಲಿ ಅದರ ೩ ಲಕ್ಷ ೭೩ ಸಾವಿರ ಪಾಲಿಗೂ ಮಿಕ್ಕ ಪ್ರವಾಹ ಹರಿಯುತ್ತದೆ. ಕೀಲಿಮಣೆ ಮತ್ತು ಮೌಸನ್ನು ಮಾತ್ರ ಬದಲಾಯಿಸುವ ಪೆಟ್ಟಿಗೆಯು ಅಗ್ಗವಾಗಿಯೂ, ಪರದೆಯನ್ನೂ ಬದಲಾಯಿಸುವ ಪೆಟ್ಟಿಗೆಯು ತುಟ್ಟಿಯಾಗಿಯೂ ಇರುವುದರ ಗುಟ್ಟು ಇದೇ.

ನಾವು ಮೊದಲು ಹಿಡಿದುದು ಅಗ್ಗದ ದಾರಿಯನ್ನು. ನಮ್ಮ ಪರದೆಯ ಬೆನ್ನಿನಲ್ಲಿ ಎರಡು ಬಗೆಯ ಕಿಂಡಿಗಳಿದ್ದುವು. ಒಂದು ವಿ.ಜಿ.ಎ., ೧೯೮೭ರಲ್ಲಿ ಐ.ಬಿ.ಎಂ. ಯಂತ್ರಗಳೊಡನೆ ಬಂದ ೧೫ ರಂಧ್ರಗಳದು. ಇನ್ನೊಂದು ಈಗ ದೂರದರ್ಶನಗಳಲ್ಲಿಯೂ ಇರುವ ಎಚ್.ಡಿ.ಎಂ.ಐ. ಹಳೆಯ ಯಂತ್ರದ ತಂತಿಯನ್ನು ಮೊದಲನೆಯದಕ್ಕೆ, ಹೊಸದರ ತಂತಿಯನ್ನು ಎರಡನೆಯದಕ್ಕೆ ಸಿಕ್ಕಿಸಿದೆವು. ಪರದೆಯ ಅಂಚಿನ ಗುಂಡಿಯನ್ನೊತ್ತಿ ಬೇಕಾದ ಯಂತ್ರದ ಚಿತ್ರವನ್ನು ಆರಿಸಿಕೊಳ್ಳಬಹುದಾಯಿತು. ಕೀಲಿಮಣೆ ಮತ್ತು ಮೌಸಿಗಾಗಿ ಅಂಗೈಯಷ್ಟು ದೊಡ್ಡ ಯು.ಎಸ್.ಬಿ. ಸ್ವಿಚ್ಚನ್ನು ತಂದೆವು. ಈ ಏರ್ಪಾಡಿನಲ್ಲಿ ದೋಷವೇನೂ ಇಲ್ಲ. ಮನೆಯಲ್ಲಿ ಎರಡು ಯಂತ್ರಗಳುಳ್ಳವರಿಗೆ ನಾವು ಈಗಲೂ ಇದನ್ನೇ ಮೊದಲು ಸೂಚಿಸುವೆವು. ಆದರೆ ಇಲ್ಲಿ ಒತ್ತಬೇಕಾದ ಗುಂಡಿಗಳು ಎರಡು. ಒಂದನ್ನು ಒತ್ತಿ ಇನ್ನೊಂದನ್ನು ಮರೆತರೆ ಕಣ್ಣು ಒಂದು ಯಂತ್ರದ ಮೇಲಿರುತ್ತದೆ, ಕೈ ಇನ್ನೊಂದರ ಮೇಲಿರುತ್ತದೆ.

ಹಾಗೆಯೇ ಆಯಿತು. ಒಂದು ದಿನ ಹಳೆಯ ಯಂತ್ರದಲ್ಲಿ ಒಂದು ಲೇಖನವನ್ನು ತೆರೆದು, ಪರಿವರ್ತನೆಗಾಗಿ ಪೂರ್ತಿಯಾಗಿ ಆಯ್ದು ಇಟ್ಟಿದ್ದೆವು. ಶಾಲೆಯ ಆರಂಭದ ದಿನಗಳ ಬಗ್ಗೆ ನಿವೃತ್ತ ಮಾಸ್ತರೊಬ್ಬರು ಹೇಳಿ ಬರೆಯಿಸಿದ ನೆನಪುಗಳು ಅವು. ಅಷ್ಟರಲ್ಲಿ ತುರ್ತಾಗಿ ಒಂದು ಪತ್ರ ಬರೆಯಬೇಕಾಗಿ ಬಂದು, ಪರದೆಯ ಗುಂಡಿಯನ್ನು ಮಾತ್ರ ಒತ್ತಿ ಹೊಸ ಯಂತ್ರಕ್ಕೆ ಬಂದೆವು. ಬೆರಳಚ್ಚಿಸಿದರೆ ಅಕ್ಷರವೇ ಮೂಡಲೊಲ್ಲದು. ಕೀಲಿಗಳನ್ನು ಬಲವಾಗಿ ಒತ್ತಿದೆವು. ಕಡತವನ್ನು ಉಳಿಸಿ, ಮುಚ್ಚಿ, ಮತ್ತೆ ತೆರೆದರೆ ಸರಿಹೋದೀತೆಂದು ಕಂಟ್ರೋಲ್ ಮತ್ತು ಎಸ್, ಆಮೇಲೆ ಆಲ್ಟ್ ಮತ್ತು ಎಫ್ ನಾಲ್ಕನ್ನು ಒತ್ತಿದೆವು. ನಮ್ಮ ಪ್ರತಿಯೊಂದು ಆಜ್ಞೆಯನ್ನೂ ಕಾಣದಿದ್ದ ಹಳೆಯ ಯಂತ್ರವು ಚಾಚೂ ತಪ್ಪದೆ ನಡೆಸಿತು. ಆಯ್ದಿಟ್ಟ ಲೇಖನದ ಮೇಲೆ ಮೊದಲ ಕೀಲಿ ಬಿದ್ದಾಗಲೇ ಅದು ಪೂರ್ತಿ ಅಳಿಸಿಹೋಗಿತ್ತು. ಉಳಿದುದು ನಾವು ಕುರುಡಾಗಿ ಬಡಿದ ಒಂದೂವರೆ ಸಾಲು. ಕಡತವನ್ನು ಮುಚ್ಚದೆ ಇದ್ದಿದ್ದರೆ ಕಂಟ್ರೋಲ್ ಮತ್ತು ಝಡ್ ಒತ್ತಿ ಹಿಂದಕ್ಕೆ ಪಡೆಯಬಹುದಾಗಿತ್ತು. ಪ್ರತಿಯೊಂದನ್ನು ಬೇರೆಡೆ ಇಟ್ಟಿದ್ದರೆ ಈ ಮಾತೇ ಬರುತ್ತಿರಲಿಲ್ಲ. ತಪ್ಪು ನಮ್ಮದೇ.

ಈ ನಷ್ಟದ ಬಳಿಕವೇ ಸಂಘದವರು ಕೆ.ವಿ.ಎಂ. ಸ್ವಿಚ್ಚನ್ನು ತರಿಸಿಕೊಟ್ಟರು. ಕೀಬೋರ್ಡ್, ವಿಡಿಯೋ, ಮೌಸ್ ಎಂಬ ಮೂರು ಮಾತುಗಳ ಮೊದಲಕ್ಷರಗಳಿಂದ ಆದ ಹೆಸರು ಇದು. ಒಂದೇ ಗುಂಡಿಗೆ ಮೂರೂ ಒಟ್ಟಿಗೆ ಬದಲಾಗುತ್ತವೆ. ಕಣ್ಣೂ ಕೈಯೂ ಬೇರೆಯಾಗಲಾರವು. ನಮ್ಮ ಸ್ವಿಚ್ಚಿನ ಕಿಂಡಿಗಳೆಲ್ಲ ಎಚ್.ಡಿ.ಎಂ.ಐ. ಆದುದರಿಂದ ಹಳೆಯ ಯಂತ್ರಕ್ಕೆ ನಡುವೆ ಒಂದು ಕನ್ವರ್ಟರು ಬೇಕಾಯಿತು. ವಿ.ಜಿ.ಎ. ತಂತಿಯಲ್ಲಿ ಬಣ್ಣವು ಏರಿಳಿಯುವ ವಿದ್ಯುತ್ತಿನ ಅಲೆಯಾಗಿ ಹರಿಯುತ್ತದೆ, ಎಚ್.ಡಿ.ಎಂ.ಐ.ಯಲ್ಲಿ ಅಂಕಿಗಳಾಗಿ ಹರಿಯುತ್ತದೆ. ಬರಿಯ ತಂತಿಯು ಒಂದನ್ನು ಇನ್ನೊಂದಾಗಿ ಮಾಡಲಾರದು. ಒಳಗೆ ವಿದ್ಯುನ್ಮಾನ ಮಂಡಲವುಳ್ಳ ಕನ್ವರ್ಟರೇ ಆಗಬೇಕು. ಅಂಗಡಿಯಲ್ಲಿ ಇದನ್ನು ಕೇಳಿ ತಿಳಿದುಕೊಳ್ಳದೆ ಬರಿಯ ತಂತಿಯನ್ನು ಕೊಂಡವರು ಮತ್ತೊಮ್ಮೆ ಅಂಗಡಿಗೆ ಹೋಗಬೇಕಾಗುವುದು.

ಈಗ ಗಾಬರಿಯ ಮಾತಿಗೆ ಬರೋಣ. ಯಂತ್ರವು ಏಳುವಾಗ ತನಗೆ ಯಾವ ಯಾವ ಸಾಧನಗಳು ಜೋಡಿಸಲ್ಪಟ್ಟಿವೆ ಎಂದು ನೋಡಿಕೊಳ್ಳುತ್ತದೆ. ಹಿಂದಿನ ಅನೇಕ ಯಂತ್ರಗಳು ಆಗ ಕೀಲಿಮಣೆ ಕಾಣದಿದ್ದರೆ ದೋಷವೆಂದು ಸಾರಿ ಅಲ್ಲಿಗೇ ನಿಲ್ಲುತ್ತಿದ್ದುವು. ಕೀಲಿಮಣೆಯು ಇನ್ನೊಂದು ಯಂತ್ರದ ಕಡೆಗಿದ್ದಾಗ ಇದೇ ಆಗುವುದಷ್ಟೆ! ಆದುದರಿಂದ ಒಳ್ಳೆಯ ಸ್ವಿಚ್ಚುಗಳು, ಕೀಲಿಮಣೆ ದೂರವಿದ್ದಾಗಲೂ ‘ಇದ್ದೇನೆ’ ಎಂದು ಅದರ ಪರವಾಗಿ ಉತ್ತರ ಕೊಡುತ್ತಿರುತ್ತವೆ. ಹಾಜರಿ ಕೂಗುವಾಗ ಬಾರದ ಗೆಳೆಯನ ಪರವಾಗಿ ಉತ್ತರ ಕೊಡುವುದು ತರಗತಿಯಲ್ಲಿ ಅಪರಾಧ. ಇಲ್ಲಿ ಮಾತ್ರ ಅದು ಸದ್ಗುಣ.

ಪರದೆಯ ವಿಷಯವೂ ಹಾಗೆಯೇ. ಪ್ರತಿಯೊಂದು ಪರದೆಯಲ್ಲಿ ಅದರ ಅಳತೆ, ಚುಕ್ಕಿಗಳ ಸಂಖ್ಯೆ ಮೊದಲಾದ ವಿವರಗಳನ್ನು ಹೇಳುವ ಒಂದು ಚಿಕ್ಕ ಪಟ್ಟಿ ಅಡಗಿದೆ. ಅದರ ಮೂಲಭಾಗವು ೧೨೮ ಬೈಟು. ಯಂತ್ರವು ಇದನ್ನು ಓದಿ ಚಿತ್ರದ ಅಳತೆಯನ್ನು ನಿಶ್ಚಯಿಸುತ್ತದೆ. ಕಡಿಮೆ ಬೆಲೆಯ ಕೆಲವು ಸ್ವಿಚ್ಚುಗಳು ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆಗ ಗುಂಡಿಯನ್ನೊತ್ತಿದಾಗಲೆಲ್ಲ ಯಂತ್ರವು ಪರದೆಯೇ ಹೋಯಿತೆಂದು ಭಾವಿಸಿ, ಮರಳಿ ಬಂದಾಗ ಚಿತ್ರವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತದೆ. ತೆರೆದಿಟ್ಟ ಕಿಟಕಿಗಳು ದಿಕ್ಕಾಪಾಲಾಗುತ್ತವೆ. ಕೊಳ್ಳುವಾಗ ಈ ಒಂದು ಗುಣವನ್ನು ವಿಚಾರಿಸಿಕೊಂಡರೆ ಸ್ವಲ್ಪ ಹೆಚ್ಚು ಕೊಟ್ಟುದು ನಷ್ಟವೆನಿಸದು.

ರಕ್ಷಕರಲ್ಲಿ ಕೆಲವರಿಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಸ್ವಿಚ್ಚು ಇಟ್ಟರೆ ಇಬ್ಬರು ಮಕ್ಕಳು ಒಟ್ಟಿಗೆ ಕೆಲಸ ಮಾಡಬಹುದೆಂಬುದು ಒಂದು. ಅದಾಗದು, ಕುಳಿತುಕೊಳ್ಳುವವನು ಒಬ್ಬನೇ. ಆದರೆ ಕಾಣದಿರುವ ಯಂತ್ರವು ನಿದ್ರಿಸುವುದಿಲ್ಲ. ಹೇಳಿದ ಕೆಲಸವನ್ನು ಮುಂದುವರಿಸುತ್ತಲೇ ಇರುತ್ತದೆ. ಒಂದರ ಕಡತವು ಇನ್ನೊಂದಕ್ಕೆ ತಾನಾಗಿ ಹೋಗುತ್ತದೆಂಬುದು ಇನ್ನೊಂದು. ಅದೂ ಇಲ್ಲ, ಪೆನ್‌ಡ್ರೈವೋ ಜಾಲವೋ ಬೇಕು. ಪೆನ್‌ಡ್ರೈವನ್ನು ಸ್ವಿಚ್ಚಿನ ಕಿಂಡಿಗೇ ಸಿಕ್ಕಿಸಿ, ಕಡತವು ಹೋಗುತ್ತಿರುವಾಗ ಗುಂಡಿಯನ್ನೊತ್ತಿದರೆ ಅದನ್ನು ಕೈಯಿಂದ ಕಿತ್ತು ತೆಗೆದಂತೆಯೇ ಆಗುವುದು. ಅದನ್ನು ಪೆಟ್ಟಿಗೆಗೇ ನೇರವಾಗಿ ಸಿಕ್ಕಿಸಬೇಕು.

ಸ್ವಿಚ್ಚೇ ಇಲ್ಲದ ದಾರಿಯೂ ಒಂದಿದೆ. ಎರಡು ಯಂತ್ರಗಳಿಗೂ ತಮ್ಮ ತಮ್ಮ ಪರದೆಗಳಿದ್ದು, ಎರಡೂ ಒಂದೇ ಜಾಲದಲ್ಲಿದ್ದರೆ, ಇನ್‌ಪುಟ್ ಲೀಪ್‌ನಂತಹ ತಂತ್ರಾಂಶದಿಂದ ಮೌಸಿನ ಬಾಣವನ್ನು ಒಂದು ಪರದೆಯ ಅಂಚಿನಿಂದ ಇನ್ನೊಂದಕ್ಕೆ ದಾಟಿಸಬಹುದು. ಕೀಲಿಮಣೆಯೂ ಬಾಣವನ್ನು ಹಿಂಬಾಲಿಸುತ್ತದೆ. ಎರಡೂ ವಿಂಡೋಸ್ ಆಗಿದ್ದರೆ ಮೈಕ್ರೋಸಾಫ್ಟಿನವರು ೨೦೧೧ರಲ್ಲಿ ಹೊರತಂದ ಮೌಸ್ ವಿದೌಟ್ ಬಾರ್ಡರ್ಸ್ ಎಂಬುದು ಇದೆ. ಗಡಿಯಿಲ್ಲದ ಮೌಸು ಎಂಬ ಆ ಹೆಸರು ಗಡಿನಾಡಿನವರಾದ ನಮಗೆ ಹಿಡಿಸಿತಾದರೂ ನಮ್ಮಲ್ಲಿ ಅದು ನಡೆಯಲಿಲ್ಲ. ಪರದೆ ಒಂದೇ ಇದ್ದುದು ಒಂದು ಕಾರಣ. ಹಳೆಯ ವಿಂಡೋಸಿಗೆ ರಕ್ಷಣೆಯ ತಿದ್ದುಪಡಿಗಳು ಬರುವುದು ನಿಂತುಹೋದುದರಿಂದ ಆ ಯಂತ್ರವನ್ನು ಜಾಲದಿಂದ ದೂರವಿಟ್ಟಿರುವುದು ಇನ್ನೊಂದು ಕಾರಣ.

ಈಗ ಸ್ವಿಚ್ಚಿನ ಮೇಲೆ ಎರಡು ಚಿಕ್ಕ ದೀಪಗಳಿವೆ; ಒಂದರ ಪಕ್ಕದಲ್ಲಿ ‘ಹಳತು’, ಇನ್ನೊಂದರ ಪಕ್ಕದಲ್ಲಿ ‘ಹೊಸತು’ ಎಂದು ಮಕ್ಕಳು ಚೀಟಿ ಅಂಟಿಸಿದ್ದಾರೆ. ಎರಡೂ ಯಂತ್ರಗಳ ಹಿನ್ನೆಲೆಯ ಬಣ್ಣವನ್ನು ಬೇರೆ ಬೇರೆ ಮಾಡಿದ್ದೇವೆ. ಹೊಸಬರು ಕುಳಿತರೆ ಮೊದಲು ಜೆ ಮತ್ತು ಎಲ್ ಒತ್ತಿ ‘ಜಲ’ವೋ ‘ರತ’ವೋ ಎಂದು ನೋಡಿಕೊಂಡು ಮುಂದುವರಿಯುವುದು ಪದ್ಧತಿಯಾಗಿದೆ. ಹಳೆಯ ಸಂಚಿಕೆಗಳಲ್ಲಿ ಇನ್ನು ನಾಲ್ಕು ವರ್ಷಗಳವು ಪರಿವರ್ತನೆಗೆ ಉಳಿದಿವೆ. ಶನಿವಾರದ ಮಧ್ಯಾಹ್ನ ಬಂದು ತಿದ್ದಲು ಒಪ್ಪುವ ದೊಡ್ಡ ತರಗತಿಯ ವಿದ್ಯಾರ್ಥಿಗಳು ಕಚೇರಿಯಲ್ಲಿ ಹೆಸರು ಕೊಡಬಹುದು.

ಅಳಿಸಿಹೋದ ನೆನಪುಗಳಲ್ಲಿ ಮೊದಲ ಎರಡು ಪುಟಗಳು ಹಿಂದೊಮ್ಮೆ ಈ ಸಂಚಿಕೆಯಲ್ಲಿಯೇ ಅಚ್ಚಾಗಿದ್ದುವು. ಒಂಬತ್ತನೆಯ ತರಗತಿಯವರು ಅವನ್ನು ನೋಡಿ ಮತ್ತೆ ಬೆರಳಚ್ಚಿಸಿಕೊಟ್ಟರು. ಮೂರನೆಯ ಪುಟವು ಎಲ್ಲಿಯೂ ಅಚ್ಚಾಗಿರಲಿಲ್ಲ. ಮಾಸ್ತರು ಹೇಳುತ್ತಿದ್ದಂತೆ ಅದನ್ನು ಮೊದಲು ಕೈಯಲ್ಲಿ ಬರೆದುಕೊಂಡವರು ಅಂದಿನ ವಿದ್ಯಾರ್ಥಿಗಳು. ಆ ಬರಹ ಅವರಲ್ಲಿ ಯಾರ ಮನೆಯಲ್ಲಾದರೂ, ಹಳೆಯ ಪುಸ್ತಕಗಳ ನಡುವೆ ಉಳಿದಿದ್ದರೆ, ದಯವಿಟ್ಟು ಒಂದು ದಿನದ ಮಟ್ಟಿಗೆ ಶಾಲೆಗೆ ತಂದುಕೊಡಬೇಕಾಗಿ ಕೋರುತ್ತೇವೆ. ಪ್ರತಿ ಮಾಡಿಕೊಂಡು ಜಾಗ್ರತೆಯಾಗಿ ಹಿಂದಿರುಗಿಸುವೆವು.